ಇಲ್ಲ ಎಂದು ಬರೆದುಕೊಟ್ಟದ್ದನ್ನು ವಾಪಸ್ ಪಡೆದದ್ದು

ಶೃಂಗೇರಿಯಿಂದ ಬರಬೇಕಾಗಿದ್ದ ನಮ್ಮ ಪೆಟ್ಟಿಗೆ ಕೊಪ್ಪದ ಮೀನಿನ ಅಂಗಡಿಯಲ್ಲಿ ಸಿಕ್ಕಿತು. ಬಿಳಿ ಥರ್ಮಾಕೋಲ್ ಪೆಟ್ಟಿಗೆ, ಸುತ್ತ ಕಂದು ಟೇಪು. ಕಂಡಕ್ಟರ್ ಕಣ್ಣಿಗೆ ಅದು ಕರಾವಳಿಯಿಂದ ಬಂದ ಬಂಗುಡೆಯಲ್ಲದೆ ಬೇರೇನೂ ಆಗಿರಲು ಸಾಧ್ಯವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದು ಕಾದು ಸಾಕಾಗಿ, ಕಂಡಕ್ಟರಿಗೆ ಫೋನ್ ಮಾಡಿಸಿ, ಕೊನೆಗೆ ಅಂಗಡಿಗೆ ಹೋದರೆ ಮಾಲೀಕ ಅದನ್ನು ಮಂಜುಗಡ್ಡೆಯ ಮೇಲೆ ಜೋಪಾನವಾಗಿ ಇಟ್ಟಿದ್ದ.

"ತೆಗ್ದು ನೋಡಿದ್ನಲ್ಲ ಮೇಡಂ. ಮೀನಿಲ್ಲ, ಬರೀ ಕಡ್ಡಿ. ಎಂತದು ಇದು, ಕಿವಿಗೆ ಹಾಕದಾ?"

ಏನೆಂದು ಹೇಳಲಿ? "ಹೌದು, ಕಿವಿಗೆ" ಎಂದು ಪೆಟ್ಟಿಗೆ ಎತ್ತಿಕೊಂಡು ಬಂದೆ.

ನನ್ನ ದಿನಚರಿಯಲ್ಲಿ ಆ ದಿನದ ಪುಟದಲ್ಲಿ "ಮೀನು" ಎಂಬ ಒಂದೇ ಪದವಿದೆ. ಉಳಿದದ್ದು ನೆನಪು. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ; ಹೇಳಿದಷ್ಟೂ ಸಲ ಅದು ಕಥೆಯನ್ನು ನುಣುಪು ಮಾಡುತ್ತದೆ. ಹಾಗಾಗಿ ಮುಂದಿನದನ್ನು ಸಾಧ್ಯವಾದಷ್ಟೂ ಅಂದಂದೇ ಬರೆದುಕೊಂಡದ್ದರಿಂದ ತೆಗೆದು ಬರೆಯುತ್ತಿದ್ದೇನೆ.

ಆ ಕಡ್ಡಿಗಳು ಹತ್ತಿ ಸುತ್ತಿದ ಸ್ವಾಬ್‌ಗಳು. ಒಂದು ಸೇವಾಸಂಸ್ಥೆಯ ಯೋಜನೆಯಲ್ಲಿ ನಾನು ಸೂಕ್ಷ್ಮಜೀವಿ ಪರೀಕ್ಷೆ ಮಾಡುತ್ತಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ಕಡೆ ನಮ್ಮದೊಂದೊಂದು ಬಾಡಿಗೆ ಕೊಠಡಿ, ಒಬ್ಬೊಬ್ಬ ನರ್ಸ್. ಪ್ರಯೋಗಾಲಯ ಮಾತ್ರ ಕೊಪ್ಪದಲ್ಲಿ. ಒಂಬತ್ತನೇ ತಿಂಗಳಿಗೆ ಬಿದ್ದ ಬಸುರಿಯರಲ್ಲಿ ಗುಂಪು-ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯ ಇದೆಯೇ ಎಂದು ನೋಡುವುದು ಕೆಲಸ. ಎಷ್ಟೋ ಆರೋಗ್ಯವಂತ ಹೆಂಗಸರ ಕರುಳಿನಲ್ಲೂ ಯೋನಿಯಲ್ಲೂ ಅದು ಸುಮ್ಮನೆ ಇರುತ್ತದೆ. ತಾಯಿಗೆ ಜ್ವರವಿಲ್ಲ, ನೋವಿಲ್ಲ, ಏನೂ ಇಲ್ಲ. ಹೆರಿಗೆಯ ಹೊತ್ತಿಗೆ ಮಗುವಿಗೆ ಅಂಟಿದರೂ ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತ್ರ ಅದು ರಕ್ತಕ್ಕೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಚೆನ್ನಾಗಿ ಹುಟ್ಟಿದ ಕೂಸು ಒಂದೆರಡು ದಿನದಲ್ಲಿ ನರಳತೊಡಗುತ್ತದೆ. ತಡೆಯುವ ದಾರಿ ಸರಳ: ಇದೆಯೆಂದು ಮೊದಲೇ ಗೊತ್ತಿದ್ದರೆ ನೋವು ಶುರುವಾದ ಮೇಲೆ, ಮಗು ಬರುವುದಕ್ಕೆ ಕನಿಷ್ಠ ನಾಲ್ಕು ಗಂಟೆ ಮೊದಲು, ತಾಯಿಯ ನರಕ್ಕೆ ಪೆನಿಸಿಲಿನ್ ಕೊಡುವುದು. ಸರಳ ಎಂದು ನಾನೂ ಅಂದುಕೊಂಡಿದ್ದೆ.

ಸ್ವಾಬ್ ತೆಗೆಯುವುದರಲ್ಲೊಂದು ನಿಯಮವಿದೆ. ಒಂದೇ ಕಡ್ಡಿಯನ್ನು ಮೊದಲು ಯೋನಿಯಲ್ಲಿ, ಆಮೇಲೆ ಗುದದ್ವಾರದಲ್ಲಿ ಸ್ವಲ್ಪ ಒಳಗೆ ಆಡಿಸಬೇಕು. ಈ ಬ್ಯಾಕ್ಟೀರಿಯದ ಮೂಲ ಮನೆ ಕರುಳು. ಎರಡನೆಯದನ್ನು ಬಿಟ್ಟರೆ ಇರುವುದೂ ಇಲ್ಲವೆಂದು ಕಾಣಬಹುದು. ತರಬೇತಿಯಲ್ಲಿ ಇದನ್ನು ಮೂವರೂ ನರ್ಸ್‌ಗಳಿಗೆ ಹೇಳಿಕೊಟ್ಟಿದ್ದೆ. ಮೂವರೂ ತಲೆಯಾಡಿಸಿದ್ದರು.

ನರಸಿಂಹರಾಜಪುರದ ತಪಾಸಣೆಯನ್ನು ಶುಕ್ರವಾರಕ್ಕೆ ಇಟ್ಟವಳು ನಾನೇ. ಮೊದಲು ಬುಧವಾರ ಇಟ್ಟಿದ್ದಾಗ ಯಾರೂ ಬರುತ್ತಿರಲಿಲ್ಲ. ಕೂಲಿ ಬಿಟ್ಟು ಯಾರು ಬರುತ್ತಾರೆ? ಶುಕ್ರವಾರವಾದರೆ ಅಮ್ಮನವರ ದೇವಸ್ಥಾನಕ್ಕೆಂದು ಹೆಂಗಸರು ಹೇಗೂ ಪೇಟೆಗೆ ಬರುತ್ತಾರೆ, ತುಂಬಿದ ಬಸುರಿಯರಂತೂ ತಪ್ಪಿಸುವುದಿಲ್ಲ. ದಿನ ಬದಲಾಯಿಸಿದ ಮೇಲೆ ಕೊಠಡಿ ತುಂಬಿತು. ನನ್ನ ಜಾಣತನದ ಬಗ್ಗೆ ಯೋಜನೆಯ ಸಂಯೋಜಕರಿಗೆ ಉದ್ದದ ಮೇಲ್ ಕೂಡ ಬರೆದೆ.

ಅಂಥದೊಂದು ಶುಕ್ರವಾರವೇ ಮುತ್ತಿನಕೊಪ್ಪ ಕಡೆಯ ಹೆಂಗಸನ್ನು ನೋಡಿದ್ದು. ತೋಟದ ಕೂಲಿಗೆ ಹೋಗುವವಳು, ಇಪ್ಪತ್ತಮೂರೋ ನಾಲ್ಕೋ ಇರಬೇಕು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲ ತುದಿಗೆ ಗಂಟು ಹಾಕಿ, ಕೈಯಲ್ಲಿ ಹಣ್ಣುಕಾಯಿ ಚೀಲ ಹಿಡಿದು ಬಂದಿದ್ದಳು. ನರ್ಸ್ ಕರೆಯುವ ಮೊದಲು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಮೇಡಂ, ಹೋದ ಸಲದ್ದು ಮೂರನೇ ದಿನಕ್ಕೆ ಹೋತು. ನಂಜು ಅಂದ್ರು. ಎಂತ ನಂಜು ಅಂತ ಯಾರೂ ಹೇಳ್ಲಿಲ್ಲ. ಇದ್ರಾಗೆ ಅದು ಗೊತ್ತಾಗ್ತದಾ?"

ಹೋದ ಸಲ ಏನಾಗಿತ್ತೆಂದು ಇದರಲ್ಲಿ ಗೊತ್ತಾಗುವುದಿಲ್ಲ, ಈ ಸಲ ಅಂಥದು ಆಗದಂತೆ ನೋಡಿಕೊಳ್ಳಲು ಇದೂ ಒಂದು ದಾರಿ ಎಂದೆ. ಅವಳು ತಲೆಯಾಡಿಸಿ ಪರದೆಯ ಹಿಂದೆ ಹೋದಳು. ಮುಂದಿನ ವಾರ ಅವಳ ವರದಿ ಹೋಯಿತು: ಇಲ್ಲ. ನಾನೇ ಸಹಿ ಮಾಡಿದ್ದೆ.

ಅದರ ಬೆನ್ನಿಗೇ ಶುರುವಾದದ್ದು ತಟ್ಟೆಗಳ ತಲೆನೋವು.

ಸ್ವಾಬನ್ನು ಮೊದಲು ಒಂದು ಪೋಷಕ ದ್ರವದಲ್ಲಿ ಒಂದು ದಿನ ಬೆಚ್ಚಗೆ ಇಡುತ್ತೇವೆ. ಅದರಲ್ಲಿರುವ ಔಷಧಿ ಕರುಳಿನ ಬಹುಪಾಲು ಬ್ಯಾಕ್ಟೀರಿಯಗಳನ್ನು ಅಡಗಿಸುತ್ತದೆ, ನಮಗೆ ಬೇಕಾದದ್ದನ್ನು ಬೆಳೆಸುತ್ತದೆ. ಮರುದಿನ ಅದರ ಒಂದು ಹನಿಯನ್ನು ಕುರಿಯ ರಕ್ತ ಬೆರೆಸಿದ ಅಗರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ಎಳೆಯುತ್ತೇವೆ. ಆದರೂ ಎಂಟರೋಕಾಕಸ್ ಎಂಬ ಇನ್ನೊಂದು ಕರುಳುವಾಸಿ ಆ ಔಷಧಿಗೆ ಜಗ್ಗದೆ ನುಸುಳಿ ಬಂದು ತಟ್ಟೆ ತುಂಬ ಹರಡುತ್ತದೆ. ಕೊಪ್ಪದ, ಶೃಂಗೇರಿಯ ತಟ್ಟೆಗಳಲ್ಲಿ ಅದನ್ನು ಬೈದುಕೊಂಡೇ ನಾನು ಕೆಲಸ ಮಾಡುತ್ತಿದ್ದದ್ದು. ನರಸಿಂಹರಾಜಪುರದ ತಟ್ಟೆಗಳಲ್ಲಿ ಮಾತ್ರ ಅದರ ಸುಳಿವಿಲ್ಲ. ಮೊದಮೊದಲು ಖುಷಿಯೇ ಆಗಿತ್ತು, ನೋಡಲು ಸುಲಭವೆಂದು.

ಖುಷಿ ಅನುಮಾನವಾಗಲು ಎಷ್ಟು ವಾರ ಹಿಡಿಯಿತು ಎಂದು ಈಗ ಖಚಿತವಾಗಿ ಹೇಳಲಾರೆ. ಹಿಡಿಯಬೇಕಾದದ್ದಕ್ಕಿಂತ ಹೆಚ್ಚು. ಬೇಸಗೆ ಏರುತ್ತಿತ್ತು, ಪೆಟ್ಟಿಗೆಯನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಟ್ಟು ಎಲ್ಲವನ್ನೂ ಬೇಯಿಸುತ್ತಿದ್ದಾರೆಂದು ಮೊದಲು ಕಂಡಕ್ಟರ್ ಮೇಲೆ ಹರಿಹಾಯ್ದೆ. "ನಿಮ್ ಪೆಟ್ಟಿಗೆ ನಮ್ ಮಾವನ ಮನೆ ಮಾಣಿಗಿಂತ ಜಾಸ್ತಿ ನೋಡ್ಕೊಂಡೀನಿ ಮಾರಾಯ್ರೆ" ಎಂದು ಆತ ಮುನಿಸಿಕೊಂಡ. ಮುಂದಿನ ಶುಕ್ರವಾರ ನಾನೇ ಹೋಗಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ತಟ್ಟೆಗಳು ಅಷ್ಟೇ ಶುಭ್ರ. ಪೋಷಕ ದ್ರವ ಕೆಟ್ಟಿರಬೇಕೆಂದು ಹೊಸ ಬ್ಯಾಚ್ ತರಿಸಿದೆ. ಅದು ಬರುವಷ್ಟರಲ್ಲಿ ಕರೆಂಟ್ ಹೋಗಿ, ಇನ್ವರ್ಟರ್ ಕೈಕೊಟ್ಟು, ಕೊಪ್ಪದ ಒಳ್ಳೆಯ ಮಾದರಿಗಳೂ ಹಾಳಾದವು. ಹೊಸ ಬ್ಯಾಚಿನಲ್ಲೂ ಅದೇ ಶುಭ್ರತೆ.

ಕೊನೆಗೆ ಮೊದಲೇ ಮಾಡಬೇಕಾಗಿದ್ದದ್ದನ್ನು ಮಾಡಿದೆ. ಸ್ವಾಬನ್ನು ದ್ರವಕ್ಕೆ ಹಾಕುವ ಮೊದಲು ನೇರವಾಗಿ ಮೆಕಾಂಕಿ ಅಗರ್ ಮೇಲೆ ಎಳೆದೆ. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಗಳಿಗೆ ಅದು ಹಬ್ಬದೂಟ. ಗುಲಾಬಿ ಬಣ್ಣದಲ್ಲಿ ಉಕ್ಕಿ ಬೆಳೆಯುತ್ತವೆ. ಮರುದಿನ ಕೊಪ್ಪದ ತಟ್ಟೆ ಗುಲಾಬಿಯೋ ಗುಲಾಬಿ. ನರಸಿಂಹರಾಜಪುರದ್ದು ಹೆಚ್ಚುಕಡಿಮೆ ಖಾಲಿ. ಬಸ್ಸಲ್ಲ, ಬಿಸಿಲಲ್ಲ, ಬ್ಯಾಚಲ್ಲ. ಆ ಕಡ್ಡಿ ಹೋಗಬೇಕಾದ ಎರಡನೇ ಜಾಗಕ್ಕೆ ಹೋಗಿಯೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಪರದೆಯ ಈಚೆ ಕುಳಿತೆ. ಕದ್ದು ಕೇಳುವ ಅಗತ್ಯವೇ ಇರಲಿಲ್ಲ. ಅವರೇನೂ ಗುಟ್ಟು ಮಾಡುತ್ತಿರಲಿಲ್ಲ.

"ಅಕ್ಕ, ಹಿಂದ್ಗಡೆದು ಬೇಡ ಹಾಂ. ಅಮ್ಮನವರ ಹತ್ರ ಹೋಗದು ಉಂಟು."

"ಗೊತ್ತು ಮಾರಾಯ್ತಿ. ಅದಕ್ಕೆ ಹೋಗಲ್ಲ ನಾನು. ಸುಮ್ನೆ ಮಲ್ಕೋ."

ಎಲ್ಲರೂ ಹೊರಟ ಮೇಲೆ ನರ್ಸ್ ಎದುರು ಕುಳಿತೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಬಹಳ ಹೆರಿಗೆ ಮಾಡಿಸಿದವರು. ನಾನು ಕೂಗಾಡಲಿಲ್ಲ ಎಂದು ದಿನಚರಿಯಲ್ಲಿದೆ. ಅದನ್ನು ಬರೆದವಳೂ ನಾನೇ ಆದ್ದರಿಂದ ನಂಬಬೇಕಾಗಿಲ್ಲ.

"ಎಂತ ಮಾಡ್ಲಿ ಮೇಡಂ?" ಎಂದರು ಅವರು. "ತಲೆಗೆ ಸ್ನಾನ ಮಾಡಿ, ಉಪಾಸ ಇದ್ದು ಬರ್ತಾರೆ. ಅಲ್ಲಿ ಮುಟ್ಟಿದ್ರೆ ಮತ್ತೆ ಮೀಯದೆ ದೇವ್ರ ಹತ್ರ ಹೋಗಂಗಿಲ್ಲ. ಮತ್ತೆ ಮೀಯಕ್ಕೆ ಇಲ್ಲಿ ಬಚ್ಚಲು ಇದ್ಯಾ? ನಾನು ಬಲವಂತ ಮಾಡಿದ್ರೆ ಎದ್ದು ಹೋಗ್ತಾರೆ. ಮುಂದಿಂದಾದ್ರೂ ಸಿಗ್ಲಿ ಅಂತ ತೆಗ್ದೆ."

"ನನಗೆ ಹೇಳಬಹುದಿತ್ತಲ್ಲ ಸಿಸ್ಟರ್?"

"ಹೇಳಿದ್ರೆ ನೀವು ಶುಕ್ರವಾರ ಬಿಡ್ತಿದ್ರಾ? ಜನ ಬಂದ್ರು, ಜನ ಬಂದ್ರು ಅಂತ ಕುಣೀತಿದ್ರಿ."

ಅವರು ಹೇಳಿದ್ದು ನಿಜ. ಆದರೂ ಸಿಟ್ಟು ಇಳಿಯಲಿಲ್ಲ. ಅವರ ಮೇಲೂ ನನ್ನ ಮೇಲೂ ಒಟ್ಟಿಗೆ ಸಿಟ್ಟು ಬಂದಾಗ ಯಾರ ಮೇಲೂ ತೀರಿಸಿಕೊಳ್ಳಲು ಆಗುವುದಿಲ್ಲ. ಅದೊಂದು ವಿಚಿತ್ರ ಹಿಂಸೆ.

ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ ತಲೆಗೆ ಬಂದದ್ದು ಒಂದೇ ಮುಖ. ಒದ್ದೆ ಕೂದಲು, ಹಣ್ಣುಕಾಯಿ ಚೀಲ. ಅವಳ ಕೈಗೆ ನಾನು "ಇಲ್ಲ" ಎಂದು ಬರೆದುಕೊಟ್ಟಿದ್ದೆ. ಪರೀಕ್ಷೆಯನ್ನೇ ಮಾಡದೆ ಬಿಟ್ಟಿದ್ದರೆ ಹೆರಿಗೆ ಮಾಡಿಸುವ ಡಾಕ್ಟರು ಮೊದಲ ಮಗುವಿನ ಕಥೆ ಕೇಳಿ ಅನುಮಾನದ ಮೇಲಾದರೂ ಔಷಧಿ ಕೊಡುತ್ತಿದ್ದರೇನೋ. ಈಗ ನನ್ನ ಸಹಿ ನೋಡಿ ಕೊಡದೆ ಇರಬಹುದು. ಅಂದರೆ ನಾನು ಅವಳಿಗೆ ಏನೂ ಮಾಡಿರಲಿಲ್ಲ ಎಂಬುದಕ್ಕಿಂತ ಕೆಟ್ಟದ್ದನ್ನು ಮಾಡಿದ್ದೆ.

ಸಂಯೋಜಕರಿಗೆ ಫೋನ್ ಮಾಡಿದೆ. ಅವರೂ ಡಾಕ್ಟರೇ, ಒಳ್ಳೆಯವರು, ದೂರದ ನಗರದಲ್ಲಿ ಕುಳಿತು ಯೋಜನೆ ನಡೆಸುತ್ತಿದ್ದರು. ನರಸಿಂಹರಾಜಪುರದ ಶುಕ್ರವಾರಗಳ "ಇಲ್ಲ" ಎಂಬ ವರದಿಗಳನ್ನೆಲ್ಲ ರದ್ದು ಮಾಡಬೇಕು, ಇನ್ನೂ ಹೆರಿಗೆಯಾಗದವರ ಮಾದರಿ ಮತ್ತೆ ತೆಗೆಯಬೇಕು ಎಂದೆ.

"ನೋಡಿ, ನಿಮ್ಮದು ಊಹೆ," ಎಂದರು. "ಅದರಲ್ಲಿ ಎಷ್ಟೋ ನಿಜವಾಗಿಯೂ ಇಲ್ಲದವೇ ಇರುತ್ತವೆ. ಮುಂದಿನದನ್ನು ಸರಿ ಮಾಡೋಣ. ಹಿಂದಿನದನ್ನು ವಾಪಸ್ ತಗೊಂಡ್ರೆ ಜನ ನಾಳೆಯಿಂದ ನಮ್ಮ ಯಾವ ವರದಿಯನ್ನೂ ನಂಬಲ್ಲ. ಯೋಜನೆಯೇ ನಿಂತುಹೋಗುತ್ತೆ."

ಅವರ ಮಾತು ಪೂರ್ತಿ ತಪ್ಪಾಗಿರಲಿಲ್ಲ, ಅದೇ ಕಿರಿಕಿರಿ. ಪೂರ್ತಿ ತಪ್ಪಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಎರಡು ದಿನ ಅದನ್ನೇ ತಿರುಗಿಸಿ ಹಾಕಿದೆ. ಸೋಮವಾರ ಅವರಿಗೆ ಬರೆದೆ: ಸಹಿ ನನ್ನದು, ಆದ್ದರಿಂದ ವಾಪಸ್ ಪಡೆಯುವವಳೂ ನಾನು, ಬೇಡವೆಂದರೆ ನನ್ನನ್ನು ಕೆಲಸದಿಂದ ಬಿಡಿಸಿ, ಆದರೆ ಬಿಡಿಸುವ ಹೊತ್ತಿಗೆ ಅಷ್ಟೂ ಮನೆಗಳಿಗೆ ಹೋಗಿ ಬಂದಿರುತ್ತೇನೆ. ಇದನ್ನು ಓದಿದರೆ ಧೀರಳಂತೆ ಕಾಣುತ್ತೇನೆ. ಆ ದಿನ ಇದ್ದದ್ದು ಧೈರ್ಯವಲ್ಲ. ಮೂರನೇ ದಿನಕ್ಕೆ ಹೋತು ಎಂದ ಅವಳ ದನಿ ಕಿವಿಯಿಂದ ಇಳಿಯುತ್ತಿರಲಿಲ್ಲ, ಅಷ್ಟೇ.

ಜೊತೆಗೇ ಇನ್ನೊಂದು ನಿರ್ಧಾರ ಮಾಡಿದೆ. ಕಡ್ಡಿಯನ್ನು ಹೆಂಗಸರ ಕೈಗೇ ಕೊಡುವುದು. ಬೆಳಿಗ್ಗೆ ಎದ್ದು, ಸ್ನಾನಕ್ಕೆ ಮೊದಲು, ಅವರದೇ ಬಚ್ಚಲಲ್ಲಿ, ಬಾಗಿಲು ಹಾಕಿಕೊಂಡು ಅವರೇ ತೆಗೆದುಕೊಳ್ಳಲಿ. ಆಮೇಲೆ ಮಿಂದು ಎಲ್ಲಿಗೆ ಬೇಕಾದರೂ ಹೋಗಲಿ. ಸರಿಯಾಗಿ ಹೇಳಿಕೊಟ್ಟರೆ ಹೀಗೆ ತೆಗೆದದ್ದೂ ನರ್ಸ್ ತೆಗೆದಷ್ಟೇ ಚೆನ್ನಾಗಿರುತ್ತದೆಂದು ಓದುವಾಗಲೇ ಕಲಿತಿದ್ದೆ. ಕಲಿತದ್ದು ಬೇಕಾದಾಗ ನೆನಪಾಗದ್ದು ಬೇರೆ ಮಾತು.

ನರ್ಸ್ ಮೊದಲು ನಕ್ಕರು. "ಅವ್ರ ಕೈಗೆ ಕೊಟ್ರೆ ಕೆಲವ್ರು ನಿಜ್ವಾಗ್ಲೂ ಕಿವಿಗೆ ಹಾಕ್ತಾರೆ ನೋಡಿ!" ಆಮೇಲೆ ಬಾಯಿ ಮುಚ್ಚಿ ನನ್ನ ಜೊತೆ ಮನೆ ಮನೆಗೆ ಬಂದರು. ಕೆಲವರಿಗೆ ಆಗಲೇ ಹೆರಿಗೆಯಾಗಿತ್ತು, ಮಕ್ಕಳು ಚೆನ್ನಾಗಿದ್ದವು. ಕೆಲವರು ಬೈದರು. ಒಬ್ಬರ ಗಂಡ "ಇದೆ ಅಂದ್ರೂ ನೀವೇ, ಇಲ್ಲ ಅಂದ್ರೂ ನೀವೇ, ಮಗು ಹೆರೋದಾದ್ರೂ ನಮಗೆ ಬಿಡ್ತೀರಾ?" ಎಂದು ಗೇಟು ಹಾಕಿಕೊಂಡ. ಹೆಚ್ಚಿನವರು ಕಡ್ಡಿ ತೆಗೆದುಕೊಂಡರು.

ಮುತ್ತಿನಕೊಪ್ಪಕ್ಕೆ ಒಬ್ಬಳೇ ಹೋದೆ. ಅವಳ ಅತ್ತೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದರು. ಸೊಸೆ ಎಲ್ಲಿ ಎಂದರೆ "ತವರಿಗೆ ಹೋಗ್ಯಾಳೆ" ಎಂದರು. ನಮ್ಮ ದಾಖಲೆಯಲ್ಲಿದ್ದ ತವರಿನ ನಂಬರಿಗೆ ಅಲ್ಲೇ ಫೋನ್ ಮಾಡಿದೆ. ಇಲ್ಲಿಗೆ ಬಂದೇ ಇಲ್ಲ ಎಂದರು ಅವರು. ಫೋನ್ ಇಟ್ಟು ಅತ್ತೆಯ ಮುಖ ನೋಡಿದೆ. ಅವರು ಹುಣಸೆ ಬೀಜ ನೋಡುತ್ತಿದ್ದರು.

"ನೀವೇ ಇಲ್ಲ ಅಂತ ಬರ್ಕೊಟ್ಟೀರಲ್ಲ, ಮತ್ತೆಂತಕ್ಕೆ ಅವಳನ್ನ ಹುಡ್ಕದು?" ಎಂದು ಒಳಗೆ ಕೈ ತೋರಿಸಿದರು. ದೇವರ ಪಟದ ಕೆಳಗೆ ನನ್ನ ವರದಿ. ಅದಕ್ಕೂ ಕುಂಕುಮ ಹಚ್ಚಿದ್ದರು.

"ಅಮ್ಮ, ಅದು ಸರಿಯಿಲ್ಲ. ಪರೀಕ್ಷೆ ಮಾಡಿದ್ದರಲ್ಲಿ ನಮ್ಮದೇ ತಪ್ಪಾಗಿದೆ."

"ಹಂಗಾರೆ ಇದೆ ಅಂತನಾ?"

"ಇದೆ ಅಂತಲ್ಲ. ಗೊತ್ತಿಲ್ಲ ಅಂತ."

ಅವರು ಕತ್ತಿ ಕೆಳಗಿಟ್ಟರು. "ಓದಿದೋರು, ಗೊತ್ತಿಲ್ಲ ಅನ್ನಕ್ಕೆ ಇಷ್ಟು ದೂರ ಬಸ್ ಹತ್ತಿ ಬಂದ್ರಾ?"

"ಹೌದು."

ಅವರು ಮಣೆಯೊಂದನ್ನು ನನ್ನತ್ತ ತಳ್ಳಿದರು. ಆಮೇಲೆ ತಾವಾಗಿಯೇ ಶುರು ಮಾಡಿದರು. ಮೊದಲ ಹೆರಿಗೆ ಪದ್ಧತಿಯಂತೆ ತವರಲ್ಲಾಗಿತ್ತು. ನೋಡಲು ಹೋದಾಗ ಕೂಸು ಕೆಂಪಗೆ ದುಂಡಗೆ ಇತ್ತು. ಮಾರನೇ ದಿನ ಹಾಲು ಕಚ್ಚಲಿಲ್ಲ. "ಉಸ್ರು ಬಿಡುವಾಗೆಲ್ಲ ನರಳ್ತಿತ್ತು, ಬೆಕ್ಕಿನ ಮರಿ ಹಂಗೆ. ಹಸ್ವು ಅಂದ್ಕೊಂಡ್ವಿ ನಾವು. ಆಸ್ಪತ್ರೆಗೆ ಒಯ್ಯೋದ್ರೊಳಗೆ..." ಕೈ ತಿರುಗಿಸಿದರು. ಈ ಸಲ ಆ ಜಾಗ ಬೇಡ, ಈ ಮನೆಯೂ ಬೇಡ, ಎಲ್ಲಿದ್ದಾಳೆಂದು ಊರಿಗೆ ಗೊತ್ತಾಗುವುದೂ ಬೇಡ ಎಂದು ಹಿರಿಯರೆಲ್ಲ ಸೇರಿ ತೀರ್ಮಾನಿಸಿದ್ದರು. ಅವಳನ್ನು ಶೃಂಗೇರಿ ಕಡೆ, ಅಡ್ಡಗದ್ದೆಯಲ್ಲಿದ್ದ ಅವಳ ಚಿಕ್ಕಮ್ಮನ ಮನೆಗೆ ಕಳಿಸಿದ್ದರು.

"ಹೇಳ್ತೀನಿ. ಆದ್ರೆ ಅಲ್ಲಿ ಹೋಗಿ ಯಾರ ಹತ್ರನೂ ಮನೆ ಕೇಳಂಗಿಲ್ಲ. ಬಸುರಿ ಇದಾಳಲ್ಲ ಆ ಮನೆ ಯಾವ್ದು ಅಂತ ಬಾಯ್ಬಿಟ್ರೆ ಆತು, ಊರಿಗೇ ಟಾಂಟಾಂ."

ಯಾರನ್ನೂ ಕೇಳದೆ ಹಳ್ಳಿಯಲ್ಲಿ ಮನೆ ಹುಡುಕುವುದು! ಮರುದಿನ ಬೆಳಿಗ್ಗೆ ಅಡ್ಡಗದ್ದೆಯಲ್ಲಿ ಇಳಿದಾಗ ನನ್ನ ಹತ್ತಿರ ಇದ್ದ ಗುರುತು ಎರಡು: ಶಾಲೆ ದಾಟಿ ಎಡಕ್ಕೆ, ನೀಲಿ ಬಾಗಿಲು. ಶಾಲೆ ದಾಟಿ ಎಡಕ್ಕೆ ಮೂರು ನೀಲಿ ಬಾಗಿಲುಗಳಿದ್ದವು. ಒಂದೇ ಡಬ್ಬಿ ಬಣ್ಣ ಹಂಚಿಕೊಂಡಿದ್ದರೋ ಏನೋ. ಮೊದಲನೆಯದರಲ್ಲಿ ಹೊರಬಂದ ಗಂಡಸು ನನ್ನ ಹೆಗಲ ಚೀಲ, ಕೈಯ ಪೆಟ್ಟಿಗೆ ನೋಡಿ "ಇನ್ಶೂರೆನ್ಸಿನೋರಾ?" ಎಂದ. ಹೌದೆಂದೆ. "ಮಾಡ್ಸಿದೀವಿ, ಹೋಗಿ ಹೋಗಿ" ಎಂದ. ಎರಡನೆಯದಕ್ಕೆ ಬೀಗ. ಮೂರನೆಯದರ ಜಗಲಿಯಲ್ಲಿ ಅವಳೇ ಕುಳಿತಿದ್ದಳು, ಕಾಲು ಊದಿಕೊಂಡು.

ನನ್ನನ್ನು ನೋಡಿ ಅವಳು ಹೆದರಿದಳು. ಪ್ರಯೋಗಾಲಯದವರು ಮನೆಗೆ ಬಂದರೆಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂಬುದು ಯಾರಿಗಾದರೂ ಗೊತ್ತು. ಎಲ್ಲವನ್ನೂ ಹೇಳಿದೆ: ಕಡ್ಡಿ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಗಲಿಲ್ಲ, ಏಕೆ ಅಲ್ಲಿಗೇ ಹೋಗಬೇಕು, ಇದ್ದರೆ ಏನು ಮಾಡಬಹುದು. ಅವಳು ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟೇನಾ? ಇದಕ್ಕೇನಾ ಅಷ್ಟು ಗಲಾಟಿ?"

"ಇಷ್ಟೇ."

"ಆ ಅಕ್ಕ ಅವತ್ತು ಕೇಳಿದ್ರು, ಹಿಂದ್ಗಡೆದೂ ತೆಗೀಲಾ ಅಂತ. ಅಮ್ಮನವರಿಗೆ ಹೋಗದಲ್ಲ, ಬೇಡ ಅಂದೆ." ತಲೆಯೆತ್ತಿ ನನ್ನನ್ನೇ ನೋಡಿದಳು. "ಕೂಸಿಗೋಸ್ಕರ ಅಂತ ಯಾರಾದ್ರೂ ಒಂದ್ ಮಾತು ಹೇಳಿದ್ರೆ ಬೇಡ ಅಂತಿದ್ನಾ ಮೇಡಂ? ದೇವ್ರಿಗೆ ಬೇಕಾರೆ ಮುಂದಿನ ಶುಕ್ರವಾರ ಹೋಗ್ತಿದ್ದೆ."

ತರಬೇತಿಯಲ್ಲಿ ಹೇಗೆ ತೆಗೆಯಬೇಕೆಂದು ನಾನು ನರ್ಸ್‌ಗಳಿಗೆ ಚಿತ್ರ ಬರೆದು ತೋರಿಸಿದ್ದೆ. ಎರಡನೇ ಜಾಗ ಏಕೆ ಬೇಕೆಂದು ಹೆಂಗಸರಿಗೆ ಹೇಳುವುದು ಹೇಗೆ ಎಂದು ಒಂದು ವಾಕ್ಯವನ್ನೂ ಹೇಳಿಕೊಟ್ಟಿರಲಿಲ್ಲ.

ಅವಳು ಇನ್ನೂ ಸ್ನಾನ ಮಾಡಿರಲಿಲ್ಲ. ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಹೊರಗಿನಿಂದ ನಾನು ಹೇಳುತ್ತಿದ್ದದ್ದನ್ನು ಅರ್ಧಕ್ಕೇ ತಡೆದು, "ಗೊತ್ತಾತು, ಗೊತ್ತಾತು, ನೀವು ಆಚೆ ನಿಲ್ಲಿ" ಎಂದು ಗದರಿ, ಕಡ್ಡಿಯನ್ನು ಕೊಳವೆಯೊಳಗೆ ಹಾಕಿ ಮುಚ್ಚಳ ಬಿಗಿದು ತಂದುಕೊಟ್ಟಳು. ಪೆಟ್ಟಿಗೆಯನ್ನು ಕಂಡಕ್ಟರಿಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೊಪ್ಪಕ್ಕೆ ಬಂದೆ.

ಮೆಕಾಂಕಿ ತಟ್ಟೆ ಈ ಸಲ ಗುಲಾಬಿಯಾಯಿತು. ಅಂದರೆ ಕಡ್ಡಿ ಹೋಗಬೇಕಾದಲ್ಲಿಗೆ ಹೋಗಿತ್ತು. ಅದಾದ ಮೇಲಿನ ದಿನ ರಕ್ತದ ತಟ್ಟೆಯನ್ನು ಬೆಳಕಿಗೆ ಹಿಡಿದೆ. ಎಂಟರೋಕಾಕಸ್‌ನ ಸಂತೆಯ ನಡುವೆ ಅಲ್ಲಲ್ಲಿ ಬೂದುಬಿಳಿಯ ನುಣುಪು ಚುಕ್ಕೆಗಳು, ಪ್ರತಿಯೊಂದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಿಳಿ ಉಂಗುರ. ಉಳಿದ ಪರೀಕ್ಷೆಗಳನ್ನೂ ಮಾಡಿ ಮುಗಿಸಿದೆ. ಇತ್ತು.

ಸರಿಯಾಗಿಯೇ ಅನುಮಾನಿಸಿದ್ದೆ ಎಂಬ ಸಮಾಧಾನ ಒಂದು ಕ್ಷಣ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಎರಡನ್ನೂ ಅಂದೇ ಬರೆದಿದ್ದೇನೆ.

ಅವಳು ಹೆಸರು ಬರೆಸಿದ್ದ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಹೋದ ತಿಂಗಳು ಇಲ್ಲ ಅಂತ ನೀವೇ ಬರೆದಿದ್ದೀರಿ. ಈಗ ಇದೆ ಅಂತೀರಿ. ನಾನು ಯಾವುದನ್ನು ನಂಬಲಿ?"

"ಎರಡನೆಯದನ್ನು. ಮೊದಲನೆಯದು ಪರೀಕ್ಷೆಯೇ ಆಗಿರಲಿಲ್ಲ."

ಒಂದು ನಿಟ್ಟುಸಿರು ಕೇಳಿಸಿತು. "ಸರಿ. ನೋವು ಶುರುವಾದ ಕೂಡಲೇ ಬರಲಿ. ತಡ ಮಾಡಿದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ."

ಅದನ್ನು ಚಿಕ್ಕಮ್ಮನಿಗೆ ಹೇಳಿದರೆ ಅವರು ಒಪ್ಪಲಿಲ್ಲ. "ನೋವು ಬಂದ ಕೂಡ್ಲೇ ಹೋದ್ರೆ ಇನ್ನೂ ಟೈಮ್ ಉಂಟು ಅಂತ ವಾಪಸ್ ಕಳಿಸ್ತಾರೆ ಮಾರಾಯ್ರೆ. ನಮ್ಮನೆ ಮಗಳಿಗೆ ಎರಡು ಸಲ ಹಂಗೇ ಆತು. ಗಟ್ಟಿ ನೋವು ಬರ್ಲಿ, ಆಮೇಲೆ ಆಟೋ ಹೇಳದು. ನಾವು ಎಲ್ಲಾ ಹಂಗೇ ಮಾಡದು." ಗಟ್ಟಿ ನೋವಿನವರೆಗೆ ಕಾದರೆ ನಾಲ್ಕು ಗಂಟೆ ಎಲ್ಲಿಂದ ತರುವುದು? ಡಾಕ್ಟರಮ್ಮನೇ ಬರಹೇಳಿದ್ದಾರೆ, ವಾಪಸ್ ಕಳಿಸುವುದಿಲ್ಲ, ಬೇಕಾದರೆ ನನ್ನ ಮೇಲೆ ಆಣೆ ಎಂದೆ.

ಆಣೆ ಮಾಡಬಾರದಿತ್ತು. ನೋವು ಶುರುವಾಗಿ ಅವರು ಹೋದ ಬೆಳಿಗ್ಗೆ ಡಾಕ್ಟರಮ್ಮ ರಜೆಯಲ್ಲಿದ್ದರು. ಚಿಕ್ಕಮ್ಮನ ಫೋನ್ ಬಂತು.

"ಬಂದ್ವಿ ನೋಡಿ, ನಿಮ್ಮ ಮಾತು ಕಟ್ಕೊಂಡು! ಇನ್ನೂ ಆಗಿಲ್ಲ, ಸಂಜೆ ಬನ್ನಿ ಅಂತಿದಾರೆ. ಆಟೋದೋನು ಬೇರೆ ನಿಂತ್ಕೊಂಡು ಬಯ್ತಾ ಇದಾನೆ."

"ಅಲ್ಲಿಂದ ಅಲ್ಲಾಡಬೇಡಿ. ಫೋನ್ ಅಲ್ಲಿರೋ ಸಿಸ್ಟರ್ ಕೈಗೆ ಕೊಡಿ."

ಸಿಸ್ಟರಿಗೆ ಹೇಳಿದೆ, ಡ್ಯೂಟಿ ಡಾಕ್ಟರಿಗೆ ಹೇಳಿದೆ, ವರದಿಯ ಫೋಟೋ ಕಳಿಸಿದೆ, ರಜೆಯಲ್ಲಿದ್ದ ಡಾಕ್ಟರಮ್ಮನಿಗೂ ಬಿಡದೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದರು. ಅವರು ಅಲ್ಲಿಗೆ ಏನು ಹೇಳಿದರೋ, ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಮತ್ತೆ ಫೋನ್ ಮಾಡಿ, ಇನ್ನೂ ಸಿಟ್ಟಿನಲ್ಲೇ, "ಬಾಟ್ಲಿ ಹಾಕಿದ್ರು" ಎಂದರು. ಅಲರ್ಜಿ ಪರೀಕ್ಷೆ ಮಾಡಿ ಪೆನಿಸಿಲಿನ್ ಶುರು ಮಾಡಿದ್ದರು. ಹೆರಿಗೆಯಾದದ್ದು ಆ ಸಂಜೆ. ನಾಲ್ಕು ಗಂಟೆ ಸಿಕ್ಕಿತ್ತು, ಅದಕ್ಕಿಂತ ಜಾಸ್ತಿಯೇ. ಹೆಣ್ಣು ಮಗು.

ಇಲ್ಲಿ ಗೆದ್ದೆವು ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಔಷಧಿ ಕೊಡದಿದ್ದರೂ ಆ ಮಗುವಿಗೆ ಏನೂ ಆಗದೆ ಇರುವ ಸಾಧ್ಯತೆಯೇ ಹೆಚ್ಚು. ಮೊದಲ ಮಗು ಹೋದದ್ದು ಇದರಿಂದಲೇ ಎಂದೂ ಹೇಳಲು ಬರುವುದಿಲ್ಲ. ಆಗ ಯಾರೂ ರಕ್ತ ಪರೀಕ್ಷೆ ಮಾಡಿರಲಿಲ್ಲ. ತಡೆದದ್ದು ಕಣ್ಣಿಗೆ ಕಾಣುವುದಿಲ್ಲ. ಈ ಕೆಲಸದ ದೊಡ್ಡ ಕಿರಿಕಿರಿ ಅದೇ ಎಂದು ಈಗ ಅನ್ನಿಸುತ್ತದೆ, ಕಂಡಕ್ಟರೂ ಅಲ್ಲ, ಕರೆಂಟೂ ಅಲ್ಲ. ಸಂಯೋಜಕರು ನನ್ನನ್ನು ಬಿಡಿಸಲಿಲ್ಲ. ಮೂರೂ ಕಡೆ ಕಡ್ಡಿ ಹೆಂಗಸರ ಕೈಗೇ ಹೋಗತೊಡಗಿತು. ಶುಕ್ರವಾರಗಳು ಹಾಗೆಯೇ ಉಳಿದವು, ತಂದುಕೊಡುವ ದಿನವಾಗಿ.

ಹೆರಿಗೆಯಾಗಿ ಮೂರನೆಯ ದಿನ ಮಧ್ಯಾಹ್ನ ನೋಡಲು ಹೋದೆ. ಅವಳು ಹಾಸಿಗೆಯ ಮೇಲೆ ನೆಟ್ಟಗೆ ಕುಳಿತಿದ್ದಳು. ಕಣ್ಣು ಕೆಂಪು. ಚಿಕ್ಕಮ್ಮ ಊಟ ತರಲು ಹೋಗಿದ್ದರು.

"ಮಲಗೇ ಇಲ್ಲ ಇವಳು," ಎಂದರು ಪಕ್ಕದ ಮಂಚದವರು. "ಹೆತ್ತಾಗಿಂದ ಕೂಸಿನ ಮೂಗಿನ ಹತ್ರ ಬೆರಳು ಹಿಡ್ಕೊಂಡು ಕೂತವಳೇ."

ಅವಳು ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನತ್ತ ತಿರುಗಿದಳು. "ಹಾಲು ಕುಡೀತಾಳೆ. ನರಳಲ್ಲ. ಮೈ ಬಿಸಿ ಇಲ್ಲ. ಡಾಕ್ಟ್ರು ಬಂದು ನೋಡಿ ಚೆನ್ನಾಗಿದೆ ಅಂದ್ರು." ಇನ್ನೊಂದು ಕೈಯಿಂದ ಮಗುವಿನ ಬಟ್ಟೆ ಸರಿಪಡಿಸಿ, "ಇನ್ನು ಮಲಗ್ಲಾ ಮೇಡಂ?" ಎಂದಳು.

ಇನ್ನೇನೂ ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಲಿಲ್ಲ.

"ಮಲ್ಕೋ. ಏಳೋವರೆಗೆ ನಾನು ನೋಡ್ತಿರ್ತೀನಿ," ಎಂದು ಸ್ಟೂಲು ಎಳೆದುಕೊಂಡೆ.

ಅವಳು ನನ್ನ ಬೆರಳು ಹಿಡಿದು ಮಗುವಿನ ಮೂಗಿನ ಹತ್ತಿರ, ತನ್ನದಿದ್ದ ಜಾಗದಲ್ಲೇ, ಸರಿಯಾಗಿ ಇಟ್ಟಳು. ಉಸಿರು ತಗುಲಿತು. ತಲೆ ದಿಂಬಿಗೆ ಮುಟ್ಟುತ್ತಲೇ ಅವಳಿಗೆ ನಿದ್ದೆ ಬಂತು. ಹೊರಗೆ ವಾರ್ಡಿನವರು ಬಕೆಟ್ ಎಳೆದರು, ಯಾರದೋ ಫೋನ್ ಬಡಿದುಕೊಂಡಿತು. ಮಗು ಮುಖ ಕಿವುಚಿ ಎರಡು ಸಲ ಜೋರಾಗಿ ಸೀನಿತು.

ಅವಳು ಏಳಲಿಲ್ಲ.